ಎರಡು ಎಸ್‌ಎಸ್‌ಡಿ, ಒಂದು ಪ್ರಾಕ್ಸ್‌ಮಾಕ್ಸ್ ಸರ್ವರ್: ಸಾಫ್ಟ್‌ವೇರ್ ಮಿರರ್ ಕಟ್ಟುವ ಬಗೆ

ಪ್ರಶ್ನೆ: ನಮ್ಮ ಕಚೇರಿಯ ಸರ್ವರ್‌ನಲ್ಲಿ 64 ಜಿಬಿ ಮೆಮೊರಿ ಮತ್ತು ತಲಾ 2 ಟಿಬಿಯ ಎರಡು ಎಸ್‌ಎಸ್‌ಡಿಗಳಿವೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಪ್ರತ್ಯೇಕ ರೇಡ್ ಕಾರ್ಡ್ ಇಲ್ಲ; ಮದರ್‌ಬೋರ್ಡ್‌ನ ಬಯಾಸ್‌ನಲ್ಲಿ ಮಾತ್ರ ರೇಡ್ ಎಂಬ ಆಯ್ಕೆ ಕಾಣುತ್ತದೆ. ಸದ್ಯಕ್ಕೆ ಒಂದೇ ಎಸ್‌ಎಸ್‌ಡಿ ಮೇಲೆ, ವರ್ಚುವಲ್ ಮಷಿನ್‌ಗಳನ್ನು (ಸಾಫ್ಟ್‌ವೇರ್‌ನಲ್ಲೇ ರೂಪುಗೊಂಡ ಕಂಪ್ಯೂಟರ್‌ಗಳನ್ನು) ನಡೆಸುವ ಪ್ರಾಕ್ಸ್‌ಮಾಕ್ಸ್ ವ್ಯವಸ್ಥೆ ಹಾಕಿ ಪ್ರಯೋಗ ಮಾಡಿದ್ದೇವೆ. ಇನ್ನು ಮುಂದೆ ಆರೇಳು ವರ್ಚುವಲ್ ಮಷಿನ್‌ಗಳನ್ನು ನಡೆಸಬೇಕು, ಅದರಲ್ಲೊಂದು ಲೆಕ್ಕಪತ್ರದ ಡೇಟಾಬೇಸ್. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದ ಎಂಡಿ ರೇಡ್ ಸಾಕೇ, ಫೈಲ್ ವ್ಯವಸ್ಥೆ ಮತ್ತು ರೇಡ್ ಎರಡನ್ನೂ ತಾನೇ ನೋಡಿಕೊಳ್ಳುವ ಝೆಡ್‌ಎಫ್‌ಎಸ್ ಬೇಕೇ? ಈಗಿರುವ ಇನ್‌ಸ್ಟಲೇಷನ್ನನ್ನೇ ಮಿರರ್ ಆಗಿ, ಅಂದರೆ ಒಂದೇ ದತ್ತಾಂಶ ಎರಡೂ ಡಿಸ್ಕ್‌ಗಳಲ್ಲಿ ಇರುವಂತೆ, ಮಾರ್ಪಡಿಸಲು ಆಗುತ್ತದೆಯೇ? ಹಳೆಯ 4 ಟಿಬಿ ಹಾರ್ಡ್ ಡಿಸ್ಕ್ ಒಂದು ಬಿಡುವಾಗಿದೆ, ಅದನ್ನೂ ಮಿರರ್‌ಗೆ ಸೇರಿಸಬಹುದೇ?

ಉತ್ತರ: ನೀವು ವಿವರಿಸಿದ ಯಂತ್ರಕ್ಕೆ ಝೆಡ್‌ಎಫ್‌ಎಸ್ ಮಿರರ್ ಸೂಕ್ತ. ಅದನ್ನು ಕಟ್ಟುವ ಮೊದಲು ಬಯಾಸ್‌ಗೆ ಹೋಗಿ ಅಲ್ಲಿನ ರೇಡ್ ಆಯ್ಕೆಯನ್ನು ತೆಗೆದು, ಸಾಟಾ ಪೋರ್ಟ್‌ಗಳನ್ನು ಡಿಸ್ಕ್‌ಗಳನ್ನು ಬೇರೆಬೇರೆಯಾಗಿಯೇ ತೋರಿಸುವ ಎಎಚ್‌ಸಿಐ ಸ್ಥಿತಿಗೆ ತನ್ನಿ. ಮದರ್‌ಬೋರ್ಡ್ ಕೊಡುವ ಆ ರೇಡ್ ಹಾರ್ಡ್‌ವೇರ್ ರೇಡ್ ಅಲ್ಲ. ಕೆಲಸವನ್ನೆಲ್ಲ ಪ್ರೊಸೆಸರ್ ಮತ್ತು ಡ್ರೈವರ್‌ಗಳೇ ಮಾಡುತ್ತವೆ, ಬೋರ್ಡ್ ಕೊಡುವುದು ಒಂದು ಸೆಟ್ಟಿಂಗ್ ಪುಟ ಮತ್ತು ಡಿಸ್ಕಿನ ಮೇಲೊಂದು ಗುರುತು ಮಾತ್ರ. ಆದ್ದರಿಂದ ಸಾಫ್ಟ್‌ವೇರ್ ರೇಡ್‌ನ ಮಿತಿಗಳು ಹಾಗೆಯೇ ಉಳಿಯುತ್ತವೆ, ಜೊತೆಗೆ ನಿಮ್ಮ ದತ್ತಾಂಶ ಆ ಬೋರ್ಡಿನ ತಯಾರಕರ ವಿನ್ಯಾಸಕ್ಕೆ ಕಟ್ಟುಬೀಳುತ್ತದೆ. ಮುಂದೆ ಎಂದಾದರೂ ರೇಡ್ ಕಾರ್ಡ್ ಸಿಕ್ಕರೂ ಝೆಡ್‌ಎಫ್‌ಎಸ್ ಜೊತೆ ಅದನ್ನು ರೇಡ್ ಆಗಿ ಬಳಸಬೇಡಿ. ಡಿಸ್ಕ್‌ಗಳನ್ನು ಇದ್ದ ಹಾಗೆಯೇ ತೋರಿಸುವ ಎಚ್‌ಬಿಎ ಸ್ಥಿತಿಯಲ್ಲಿ ಮಾತ್ರ ಬಳಸಿ.

ಎಂಡಿ ರೇಡ್ ಬೇಡ ಎನ್ನುವುದಕ್ಕೆ ಅದು ಕಳಪೆ ಎಂಬುದು ಕಾರಣವಲ್ಲ. ಲಿನಕ್ಸ್‌ನಲ್ಲಿ ಬಹಳ ವರ್ಷಗಳಿಂದ ಪಳಗಿದ ಸಾಧನ ಅದು, ಸಾಮಾನ್ಯ ಫೈಲ್ ಸರ್ವರ್‌ಗೆ ನಾನು ಇಂದಿಗೂ ಹಿಂಜರಿಯದೆ ಅದನ್ನು ಸೂಚಿಸುತ್ತೇನೆ. ತೊಡಕಿರುವುದು ಅದರ ನಂಬಿಕೆಯಲ್ಲಿ. ರೇಡ್ ಎಂಬ ಹೆಸರನ್ನು ಚಾಲ್ತಿಗೆ ತಂದ 1988ರ ಬರ್ಕ್ಲಿ ಪ್ರಬಂಧದ ಕಾಲದಿಂದಲೂ ಸಾಂಪ್ರದಾಯಿಕ ಮಿರರ್ ನಂಬಿಕೊಂಡಿರುವುದು, ಡಿಸ್ಕ್ ಕೆಟ್ಟರೆ ಕೆಟ್ಟಿದ್ದೇನೆಂದು ತಾನೇ ತಿಳಿಸುತ್ತದೆ ಎಂಬುದನ್ನು. ಡಿಸ್ಕ್ ಏನೂ ಹೇಳದೆ ತಪ್ಪು ಬೈಟ್‌ಗಳನ್ನು ಕೊಟ್ಟರೆ ಎಂಡಿ ಅದನ್ನು ಗುರುತಿಸಲಾರದು. ತಿಂಗಳ ತಪಾಸಣೆಯಲ್ಲಿ ಎರಡೂ ಪ್ರತಿಗಳು ಬೇರೆಬೇರೆ ಇವೆ ಎಂದು ಅದು ಎಣಿಸಿ ಹೇಳಬಲ್ಲದೇ ಹೊರತು, ಯಾವುದು ನಿಜ ಎಂದು ಹೇಳುವ ಆಧಾರ ಅದರ ಬಳಿ ಇಲ್ಲ. ದುರಸ್ತಿ ಮಾಡೆಂದರೆ ಒಂದು ಪ್ರತಿಯನ್ನು ಸರಿಯೆಂದು ಭಾವಿಸಿ ಇನ್ನೊಂದರ ಮೇಲೆ ಬರೆದುಬಿಡುತ್ತದೆ, ಸರಿಯೆಂದು ಭಾವಿಸಿದ ಆ ಪ್ರತಿಯೇ ತಪ್ಪಾಗಿದ್ದರೆ ಎರಡೂ ತಪ್ಪಾಗುತ್ತವೆ. ಝೆಡ್‌ಎಫ್‌ಎಸ್ ಪ್ರತಿಯೊಂದು ಬ್ಲಾಕಿಗೂ ಚೆಕ್‌ಸಮ್ (ದತ್ತಾಂಶದಿಂದಲೇ ಪಡೆದ ತಾಳೆಸಂಖ್ಯೆ) ಲೆಕ್ಕ ಹಾಕಿ, ಅದನ್ನು ಆ ಬ್ಲಾಕಿನ ಪಕ್ಕದಲ್ಲಲ್ಲದೆ ಅದನ್ನು ಸೂಚಿಸುವ ಮೇಲಿನ ಬ್ಲಾಕಿನಲ್ಲಿ ಇರಿಸುತ್ತದೆ. ಹಾಗಾಗಿ ಓದಿದ್ದು ತಾಳೆಯಾಗದಿದ್ದಾಗ ಇನ್ನೊಂದು ಡಿಸ್ಕಿನಿಂದ ಓದಿ, ಅದು ತಾಳೆಯಾದರೆ ಅದನ್ನೇ ಅತಿಥಿ ಯಂತ್ರಕ್ಕೆ (ವರ್ಚುವಲ್ ಮಷಿನ್‌ಗೆ) ಕೊಟ್ಟು, ಕೆಟ್ಟ ಪ್ರತಿಯನ್ನೂ ಅಲ್ಲೇ ಸರಿಪಡಿಸುತ್ತದೆ.

ವರ್ಚುವಲೈಸೇಷನ್ ಸರ್ವರ್ ಎಂದಾಗ ಇದರ ಮೇಲೆ ಇನ್ನೊಂದು ಸೂಕ್ಷ್ಮ ಸೇರಿಕೊಳ್ಳುತ್ತದೆ, ಇದನ್ನು ಗಮನಿಸಿದವರು ಕಡಿಮೆ. ವರ್ಚುವಲ್ ಡಿಸ್ಕಿನ ಕ್ಯಾಷ್ ಆಯ್ಕೆಯನ್ನು ಪ್ರಾಕ್ಸ್‌ಮಾಕ್ಸ್‌ನ ಮೂಲ ಸ್ಥಿತಿಯಾದ 'ನನ್' ಎಂದೇ ಬಿಟ್ಟರೆ, ಅತಿಥಿ ಬರೆಯಹೊರಟ ದತ್ತಾಂಶ ಹೋಸ್ಟ್‌ನ, ಅಂದರೆ ನಿಜವಾದ ಸರ್ವರ್‌ನ, ಮೆಮೊರಿಯಲ್ಲಿ ನಕಲಾಗದೆ ಅತಿಥಿಯ ಮೆಮೊರಿ ಪುಟದಿಂದಲೇ ನೇರವಾಗಿ ಡಿಸ್ಕಿನ ಕಡೆಗೆ ಹೊರಡುತ್ತದೆ. ಕೆಳಗೆ ಎಂಡಿ ಮಿರರ್ ಇದ್ದರೆ ಅದೇ ಪುಟವನ್ನು ಎರಡು ಡಿಸ್ಕ್‌ಗಳು ತಮ್ಮ ತಮ್ಮ ಬಿಡುವಿನಂತೆ ಎರಡು ಬೇರೆ ಕ್ಷಣಗಳಲ್ಲಿ ಓದಿಕೊಳ್ಳುತ್ತವೆ. ಆ ಎರಡು ಕ್ಷಣಗಳ ನಡುವೆ ಅತಿಥಿಯು ಪುಟವನ್ನು ಬದಲಿಸಿದರೆ, ಮೆಮೊರಿ ಸಾಲದಾದಾಗ ಡಿಸ್ಕಿಗೆ ಹೋಗುವ ಸ್ವಾಪ್ ಪುಟಗಳಲ್ಲೂ ಬರೆಯುತ್ತಿದ್ದಂತೆಯೇ ಅಳಿಸಲಾಗುವ ತಾತ್ಕಾಲಿಕ ಫೈಲುಗಳಲ್ಲೂ ಇದು ನಡೆಯುವಂಥದ್ದೇ, ಮಿರರ್‌ನ ಎರಡು ಬದಿಗಳಲ್ಲಿ ಎರಡು ಬಗೆಯ ದತ್ತಾಂಶ ಕೂರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅತಿಥಿಗೆ ಆ ಬ್ಲಾಕ್ ಮತ್ತೆ ಬೇಕಾಗುವುದೇ ಇಲ್ಲವಾದ್ದರಿಂದ ಹಾನಿ ಕಾಣಿಸುವುದಿಲ್ಲ. ಆದರೆ ತಪಾಸಣೆಯ ವ್ಯತ್ಯಾಸದ ಎಣಿಕೆ ಏರುತ್ತಲೇ ಹೋಗಿ, ನಿಜವಾದ ದೋಷ ಬಂದ ದಿನ ಅದನ್ನು ಈ ಗದ್ದಲದಿಂದ ಬೇರ್ಪಡಿಸಲು ದಾರಿಯೇ ಇರುವುದಿಲ್ಲ; ಮೇಲಾಗಿ ಅತಿಥಿ ಯಂತ್ರದೊಳಗಿನ ಒಂದು ಪ್ರೋಗ್ರಾಂ ಬೇಕೆಂದೇ ಹೀಗೆ ಮಾಡಿ ಹೋಸ್ಟ್‌ನ ಮಿರರ್ ಅನ್ನು ಹಾಳುಮಾಡಲೂ ಬಹುದು. ಝೆಡ್‌ಎಫ್‌ಎಸ್‌ನ ವರ್ಚುವಲ್ ಡಿಸ್ಕ್‌ಗಳಲ್ಲಿ ದತ್ತಾಂಶ ಮೊದಲು ಝೆಡ್‌ಎಫ್‌ಎಸ್‌ನದೇ ಮೆಮೊರಿಗೆ ನಕಲಾಗಿ, ಚೆಕ್‌ಸಮ್ ಪಡೆದು, ಆ ಸ್ಥಿರ ನಕಲಿನಿಂದ ಎರಡೂ ಡಿಸ್ಕ್‌ಗಳಿಗೆ ಹೋಗುವುದರಿಂದ ಈ ತೊಡಕು ಹುಟ್ಟುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲರ್‌ನಲ್ಲಿ ಎಂಡಿ ರೇಡ್‌ನ ಆಯ್ಕೆಯೇ ಇಲ್ಲ. ಮೊದಲು ಡೆಬಿಯನ್ ಹಾಕಿ ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಕೂರಿಸಿ ಎಂಡಿ ರೇಡ್ ತರಬಹುದು. ತಂದರೆ ಅಧಿಕೃತ ಬೆಂಬಲದ ಹೊರಗೆ ಹೋದಿರಿ ಎಂದೇ ಅರ್ಥ.

ಝೆಡ್‌ಎಫ್‌ಎಸ್ ಪುಕ್ಕಟೆಯಲ್ಲ. ಅದಕ್ಕೆ ಮೆಮೊರಿ ಬೇಕು ಮತ್ತು ಅದು ಎಸ್‌ಎಸ್‌ಡಿಗಳಿಂದ ಹೆಚ್ಚು ಬರೆಸುತ್ತದೆ.

ಮೆಮೊರಿಯ ಮಾತು ಮೊದಲು. ಓದಿದ ಬ್ಲಾಕುಗಳನ್ನು ಝೆಡ್‌ಎಫ್‌ಎಸ್ ಎಆರ್‌ಸಿ ಎಂಬ ತನ್ನದೇ ಕ್ಯಾಷ್‌ನಲ್ಲಿ ಇಟ್ಟುಕೊಳ್ಳುತ್ತದೆ. ಪ್ರಾಕ್ಸ್‌ಮಾಕ್ಸ್‌ನ 8.1ನೇ ಆವೃತ್ತಿಯಿಂದ ಹೊಸ ಇನ್‌ಸ್ಟಲೇಷನ್‌ಗಳಲ್ಲಿ ಇದರ ಗರಿಷ್ಠ ಮಿತಿ ಒಟ್ಟು ಮೆಮೊರಿಯ ಶೇ. 10, ಅದೂ 16 ಜಿಬಿ ಮೀರದಂತೆ. ಅದಕ್ಕೂ ಹಿಂದಿನ ಇನ್‌ಸ್ಟಲೇಷನ್‌ಗಳಲ್ಲಿ ಮೆಮೊರಿಯ ಅರ್ಧದಷ್ಟನ್ನು ಅದು ಹಿಡಿಯಬಹುದಿತ್ತು. ನಿಮ್ಮ 64 ಜಿಬಿಯಲ್ಲಿ ಹೊಸ ಲೆಕ್ಕದ ಪ್ರಕಾರ ಸುಮಾರು 6.4 ಜಿಬಿ ಬರುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಸ್ಥೂಲ ಸೂತ್ರವಾದ 2 ಜಿಬಿ ಮತ್ತು ಪ್ರತಿ ಟಿಬಿಗೆ 1 ಜಿಬಿ ಎಂಬುದರಂತೆ ನಿಮಗೆ 4 ಜಿಬಿ ಸಾಕಾಗುವುದರಿಂದ ಆ ಮಿತಿ ತಕ್ಕದ್ದೇ. ಡೇಟಾಬೇಸ್ ಇರುವುದರಿಂದ ಅದನ್ನು 8 ಜಿಬಿಗೆ ಏರಿಸಿದರೆ ಒಳ್ಳೆಯದು. ಝೆಡ್‌ಎಫ್‌ಎಸ್ ಮಾಡ್ಯೂಲ್‌ನ ಆಯ್ಕೆಗಳ ಫೈಲಿನಲ್ಲಿ ಗರಿಷ್ಠ ಎಆರ್‌ಸಿ ಮೌಲ್ಯವನ್ನು ಬೈಟ್‌ಗಳಲ್ಲಿ, ಅಂದರೆ 8589934592 ಎಂದು ಬರೆಯಬೇಕು. ಆಪರೇಟಿಂಗ್ ಸಿಸ್ಟಂ ಕೂಡ ಝೆಡ್‌ಎಫ್‌ಎಸ್ ಮೇಲೆಯೇ ಇರುವುದರಿಂದ ಅದಾದ ಮೇಲೆ ಬೂಟ್‌ನ ಆರಂಭದಲ್ಲೇ ಓದಲಾಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನು ನವೀಕರಿಸಬೇಕು, ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಹಳೆಯ ಮಿತಿಯೇ ಬರುತ್ತದೆ.

ಎಸ್‌ಎಸ್‌ಡಿಗಳ ವಿಷಯದಲ್ಲಿ ನೀವು ಮಾದರಿ ತಿಳಿಸಿಲ್ಲ, ತಿಳಿಸಬೇಕಾದ ಮುಖ್ಯ ವಿವರ ಅದೇ ಆಗಿತ್ತು. ಡೇಟಾಬೇಸ್ ಒಂದು ವಹಿವಾಟನ್ನು ಪಕ್ಕಾ ಮಾಡುವಾಗ, ದತ್ತಾಂಶ ಡಿಸ್ಕಿನಲ್ಲಿ ಭದ್ರವಾಗಿ ಕೂತಿದೆ ಎಂದು ಖಾತ್ರಿಯಾಗುವವರೆಗೆ ಕಾಯುತ್ತದೆ. ವಿದ್ಯುತ್ ಹೋದರೂ ಒಳಗಿನ ಕೆಪಾಸಿಟರ್‌ಗಳ ಬಲದಿಂದ ಬಫರ್ ಖಾಲಿ ಮಾಡಬಲ್ಲ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಈ ಖಾತ್ರಿಯನ್ನು ಕೂಡಲೇ ಕೊಡುತ್ತದೆ. ಮೇಜಿನ ಕಂಪ್ಯೂಟರ್‌ಗೆಂದು ಮಾಡಿದ ಎಸ್‌ಎಸ್‌ಡಿ ಪ್ರತಿ ಸಲವೂ ನಿಜವಾಗಿ ಫ್ಲ್ಯಾಷ್‌ಗೆ ಬರೆದು ಮುಗಿಸಬೇಕಾಗುವುದರಿಂದ ಅದರ ಪ್ಯಾಕೆಟ್ ಮೇಲಿನ ವೇಗದ ಅಂಕಿಗಳಿಗೂ ಇಲ್ಲಿ ಸಿಗುವ ವೇಗಕ್ಕೂ ಸಂಬಂಧವೇ ಇರುವುದಿಲ್ಲ. ಮಿರರ್‌ನಲ್ಲಿ ಎರಡೂ ಬದಿ ಬರೆದು ಮುಗಿಯುವವರೆಗೆ ಕಾಯಬೇಕಾದ್ದರಿಂದ ನಿಧಾನಗತಿಯದ್ದೇ ಗತಿ. ಈ ನಿಧಾನವನ್ನು ಕಂಡವರು ಮೊದಲು ಹುಡುಕಿ ಹಿಡಿಯುವ ಪರಿಹಾರ ಹೀಗೆ ಕಾಯಿಸುವ ಸಿಂಕ್ ಆಯ್ಕೆಯನ್ನು 'ಡಿಸೇಬಲ್ಡ್' ಮಾಡುವುದು. ಹಾಗೆ ಮಾಡಿದರೆ ಪೂಲ್ (ಝೆಡ್‌ಎಫ್‌ಎಸ್ ಡಿಸ್ಕ್‌ಗಳನ್ನು ಸೇರಿಸಿ ಕಟ್ಟುವ ಸಂಗ್ರಹ) ಕೆಡುವುದಿಲ್ಲ ಎಂಬುದು ನಿಜ, ಆದರೆ ವಿದ್ಯುತ್ ಹೋದ ಗಳಿಗೆಯಲ್ಲಿ ಡೇಟಾಬೇಸ್ 'ಬರೆದಾಯಿತು' ಎಂದು ಬಳಕೆದಾರರಿಗೆ ತಿಳಿಸಿದ್ದ ಕೊನೆಯ ಕೆಲವು ಸೆಕೆಂಡುಗಳ ನಮೂದುಗಳು ಮಾಯವಾಗುತ್ತವೆ. ಪ್ರಯೋಗದ ಯಂತ್ರದಲ್ಲಿ ಪರವಾಗಿಲ್ಲ, ಲೆಕ್ಕಪತ್ರದ ಯಂತ್ರದಲ್ಲಿ ಖಂಡಿತ ಕೂಡದು. ನಿಮ್ಮವು ಸಾಮಾನ್ಯ ದರ್ಜೆಯ ಎಸ್‌ಎಸ್‌ಡಿಗಳಾಗಿದ್ದರೆ ಡೇಟಾಬೇಸ್ ಇಲ್ಲದ ಯಂತ್ರಗಳನ್ನು ಅವುಗಳ ಮೇಲೆ ನಡೆಸಬಹುದು. ಡೇಟಾಬೇಸ್‌ಗಾದರೂ ಸರ್ವರ್ ದರ್ಜೆಯ ಚಿಕ್ಕ ಜೋಡಿಯೊಂದನ್ನು ತರಿಸಿ ಬೇರೆ ಮಿರರ್ ಕಟ್ಟುವುದು ಲೇಸು. ಸಾಧ್ಯವಿದ್ದರೆ ಜೋಡಿಯ ಎರಡು ಎಸ್‌ಎಸ್‌ಡಿಗಳು ಒಂದೇ ಬ್ಯಾಚಿನವಾಗದಂತೆ ನೋಡಿಕೊಳ್ಳಿ, ಏಕೆಂದರೆ ಮಿರರ್‌ನಲ್ಲಿ ಎರಡರ ಮೇಲೂ ಬರಹ ಒಂದೇ ಪ್ರಮಾಣದಲ್ಲಿ ನಡೆಯುವುದರಿಂದ ಸವೆತವೂ ಜೊತೆಜೊತೆಯಾಗಿಯೇ ಸಾಗುತ್ತದೆ.

ಇನ್ನು, ಈಗಿರುವುದನ್ನೇ ಮಿರರ್ ಮಾಡಬಹುದೇ ಎಂಬ ಪ್ರಶ್ನೆ. ಒಂದೇ ಡಿಸ್ಕ್ ಕೊಟ್ಟು ಇನ್‌ಸ್ಟಾಲರ್‌ನಲ್ಲಿ ಏನನ್ನೂ ಬದಲಿಸದೆ ಮುಂದುವರಿದಿದ್ದರೆ ನಿಮ್ಮಲ್ಲಿರುವುದು ಲಿನಕ್ಸ್‌ನ ಎಲ್‌ವಿಎಂ ಎಂಬ ಡಿಸ್ಕ್ ವಿಭಜನೆಯ ಮೇಲೆ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ. ಅದನ್ನು ಝೆಡ್‌ಎಫ್‌ಎಸ್ ಆಗಿ ಪರಿವರ್ತಿಸುವ ನೇರ ದಾರಿ ಇಲ್ಲ. ವರ್ಚುವಲ್ ಮಷಿನ್‌ಗಳ ಬ್ಯಾಕಪ್ ತೆಗೆದು, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್‌ನಿಂದ ಮರಳಿ ತರುವುದೇ ಅಚ್ಚುಕಟ್ಟು. ಪ್ರಯೋಗದ ಹಂತದಲ್ಲೇ ಇರುವುದರಿಂದ ನಿಮಗದು ದೊಡ್ಡ ನಷ್ಟವೂ ಅಲ್ಲ. ಒಂದೇ ಡಿಸ್ಕಿನ ಝೆಡ್‌ಎಫ್‌ಎಸ್ ಆಯ್ಕೆ ಮಾಡಿಕೊಂಡಿದ್ದರೆ ಮಾತ್ರ ಎರಡನೆಯದನ್ನು ಜೋಡಿಸಿ ಮಿರರ್ ಮಾಡಬಹುದು. ಜೋಡಿಸುವ ಆದೇಶ 'ಝೆಡ್‌ಪೂಲ್ ಅಟ್ಯಾಚ್'. 'ಝೆಡ್‌ಪೂಲ್ ಆ್ಯಡ್' ಎಂಬ ಇನ್ನೊಂದು ಆದೇಶವಿದೆ, ಅದು ಹೊಸ ಡಿಸ್ಕನ್ನು ನಕಲಾಗಿ ಅಲ್ಲದೆ ಹೆಚ್ಚುವರಿ ಜಾಗವಾಗಿ ಸೇರಿಸುತ್ತದೆ. ಆಗ ಎರಡರಲ್ಲಿ ಯಾವುದು ಕೆಟ್ಟರೂ ಇಡೀ ಪೂಲ್ ಹೋಗುತ್ತದೆ. ಮಿರರ್ ಇರುವ ಪೂಲ್‌ಗೆ ಒಂಟಿ ಡಿಸ್ಕನ್ನು ಸೇರಿಸಹೊರಟರೆ ಝೆಡ್‌ಎಫ್‌ಎಸ್ ತಡೆದು ಎಚ್ಚರಿಸುತ್ತದೆ. ಆದರೆ ಒಂಟಿ ಡಿಸ್ಕಿನ ಪೂಲ್‌ಗೆ ಇನ್ನೊಂದು ಒಂಟಿ ಡಿಸ್ಕ್ ಸೇರಿಸುವಾಗ ಎರಡರ ಮಟ್ಟವೂ ಒಂದೇ ಆದ್ದರಿಂದ ಎಚ್ಚರಿಕೆ ಬರುವುದೇ ಇಲ್ಲ, ಅಪಾಯವಿರುವುದೂ ನಿಮ್ಮಂಥವರ ಸ್ಥಿತಿಯಲ್ಲೇ. ಇತ್ತೀಚಿನ ಆವೃತ್ತಿಗಳಲ್ಲಿ ಹಾಗೆ ಸೇರಿದ್ದನ್ನು 'ಝೆಡ್‌ಪೂಲ್ ರಿಮೂವ್' ಮೂಲಕ ತೆಗೆಯಲು ಅವಕಾಶವಿದೆಯಾದರೂ ಅದರ ಭರವಸೆಯ ಮೇಲೆ ಆದೇಶ ಒತ್ತಬಾರದು.

ಹೊಸ ಇನ್‌ಸ್ಟಲೇಷನ್‌ನಲ್ಲಿ ಡಿಸ್ಕ್ ಆರಿಸುವ ಪುಟದ ಆಯ್ಕೆಗಳಿಗೆ ಹೋಗಿ ಝೆಡ್‌ಎಫ್‌ಎಸ್ ರೇಡ್ 1 ಎಂಬುದನ್ನು ಆರಿಸಿ, ಎರಡೂ ಎಸ್‌ಎಸ್‌ಡಿಗಳನ್ನು ಸೂಚಿಸಿ. ಅದೇ ಪುಟದಲ್ಲಿರುವ 'ಎ-ಶಿಫ್ಟ್' ಮೌಲ್ಯ 12 ಎಂದಿರಲಿ. ಅದು 4096 ಬೈಟ್‌ಗಳ ಸೆಕ್ಟರ್‌ಗೆ ಹೊಂದುವ ಲೆಕ್ಕ, ಒಮ್ಮೆ ಪೂಲ್ ಕಟ್ಟಿದ ಮೇಲೆ ಬದಲಿಸಲು ಬರುವುದಿಲ್ಲ. ಕಂಪ್ರೆಷನ್ ಇದ್ದ ಹಾಗೆಯೇ ಇರಲಿ. ಡಿಸ್ಕಿನ ಗಾತ್ರ ಕೇಳುವ ಜಾಗದಲ್ಲಿ ಪೂರ್ತಿ ಗಾತ್ರ ಕೊಡದೆ 20–30 ಜಿಬಿ ಉಳಿಸಿ. ಮುಂದೆ ಒಂದು ಎಸ್‌ಎಸ್‌ಡಿ ಕೆಟ್ಟು ಬೇರೆ ತಯಾರಕರ 2 ಟಿಬಿ ತಂದಾಗ ಅದು ಕೆಲವೇ ಸೆಕ್ಟರ್‌ಗಳಷ್ಟು ಚಿಕ್ಕದಿದ್ದರೂ ಝೆಡ್‌ಎಫ್‌ಎಸ್ ಅದನ್ನು ಒಪ್ಪದೆ ಹೋಗಬಹುದು, ಈ ಉಳಿಕೆ ಆ ದಿನಕ್ಕಾಗಿ. ಸ್ವಾಪ್ ಬೇಕೆನಿಸಿದರೂ ಇದೇ ಜಾಗದಲ್ಲಿ ಮಾಡಿಕೊಳ್ಳಬಹುದು. ಝೆಡ್‌ಎಫ್‌ಎಸ್ ಒಳಗೇ ಸ್ವಾಪ್ ಇಟ್ಟರೆ ಮೆಮೊರಿ ಬಿಗಿಯಾದಾಗ ಯಂತ್ರ ಸ್ತಬ್ಧವಾಗುವ ಸಂಭವವಿದೆ. ಇನ್‌ಸ್ಟಲೇಷನ್ ಮುಗಿದಾಗ 'ಆರ್‌ಪೂಲ್' ಎಂಬ ಪೂಲ್ ಸಿದ್ಧವಿರುತ್ತದೆ, ವರ್ಚುವಲ್ ಮಷಿನ್‌ಗಳ ಡಿಸ್ಕ್‌ಗಳನ್ನು 'ಲೋಕಲ್-ಝೆಡ್‌ಎಫ್‌ಎಸ್' ಎಂಬ ಸಂಗ್ರಹದ ಮೇಲೆ ಇಡಬೇಕು. ವರ್ಚುವಲ್ ಡಿಸ್ಕಿನ ಇನ್ನೊಂದು ರೂಪವಾದ ಕ್ಯೂಕೌ2 ಫೈಲುಗಳನ್ನು ಝೆಡ್‌ಎಫ್‌ಎಸ್ ಡೈರೆಕ್ಟರಿಯಲ್ಲಿ ಇಡುವ ಅಭ್ಯಾಸ ಬೇಡ. ಹಳೆಯದನ್ನು ಮುಟ್ಟದೆ ಹೊಸ ಜಾಗದಲ್ಲಿ ಬರೆಯುವ ಕೆಲಸವನ್ನು ಎರಡು ಪದರಗಳೂ ಮಾಡತೊಡಗಿ ಬರಹ ವ್ಯರ್ಥವಾಗಿ ಹೆಚ್ಚುತ್ತದೆ. ಪ್ರತಿ ವರ್ಚುವಲ್ ಡಿಸ್ಕಿಗೂ 'ಡಿಸ್ಕಾರ್ಡ್' ಆಯ್ಕೆ ಹಾಕಿ, ಅತಿಥಿ ಅಳಿಸಿದ ಜಾಗ ಪೂಲ್‌ಗೆ ಮರಳಲಿ. ಪೂಲ್ ಶೇ. 80ರಷ್ಟು ತುಂಬುವ ಮೊದಲೇ ಮುಂದಿನದನ್ನು ಯೋಚಿಸಿ.

ಮಿರರ್ ಸಿದ್ಧವಾಯಿತು ಎಂದು ಬಹಳಷ್ಟು ಜನ ಕೈತೊಳೆದುಕೊಳ್ಳುವುದು ಇಲ್ಲಿಗೇ. ನನ್ನ ಅಭಿಪ್ರಾಯದಲ್ಲಿ ಎರಡರಲ್ಲಿ ಯಾವ ಡಿಸ್ಕ್ ತೆಗೆದರೂ ಯಂತ್ರ ಬೂಟ್ ಆಗುವುದನ್ನು ಕಣ್ಣಾರೆ ನೋಡುವವರೆಗೆ ಅದು ಅರ್ಧ ಕೆಲಸ. ಬೂಟ್‌ಗೆ ಬೇಕಾದ ಇಎಸ್‌ಪಿ ಪಾರ್ಟಿಷನ್ ಝೆಡ್‌ಎಫ್‌ಎಸ್‌ನ ಮಿರರ್ ಒಳಗೆ ಇಲ್ಲ. ಇನ್‌ಸ್ಟಾಲರ್ ಪ್ರತಿ ಡಿಸ್ಕಿನಲ್ಲೂ ಮೂರು ಪಾರ್ಟಿಷನ್ ಮಾಡುತ್ತದೆ: ಮೊದಲನೆಯದು ಹಳೆಯ ಬಗೆಯ ಬೂಟ್‌ಗೆಂದು ಪುಟ್ಟದೊಂದು, ಎರಡನೆಯದು ಇಎಸ್‌ಪಿ, ಮೂರನೆಯದು ಝೆಡ್‌ಎಫ್‌ಎಸ್. ಮಿರರ್ ಆಗುವುದು ಮೂರನೆಯದು ಮಾತ್ರ. ಎರಡೂ ಡಿಸ್ಕಿನ ಇಎಸ್‌ಪಿಗಳಿಗೆ ಹೊಸ ಕರ್ನಲ್‌ಗಳನ್ನು ನಕಲು ಮಾಡುವ ಹೊಣೆ 'ಪ್ರಾಕ್ಸ್‌ಮಾಕ್ಸ್-ಬೂಟ್-ಟೂಲ್' ಎಂಬ ಉಪಕರಣದ್ದು; ಅದರ 'ಸ್ಟೇಟಸ್' ಕೇಳಿದಾಗ ಎರಡು ಇಎಸ್‌ಪಿಗಳ ಗುರುತು ಕಾಣಬೇಕು, ಒಂದೇ ಕಂಡರೆ ಅಲ್ಲೇ ನಿಲ್ಲಿ. ಅನಂತರ ಯಂತ್ರವನ್ನು ಬಂದ್ ಮಾಡಿ, ಮೊದಲ ಎಸ್‌ಎಸ್‌ಡಿ ಬಿಚ್ಚಿ ಬೂಟ್ ಮಾಡಿ, 'ಝೆಡ್‌ಪೂಲ್ ಸ್ಟೇಟಸ್' ನೋಡಿ. ಪೂಲ್ 'ಡಿಗ್ರೇಡೆಡ್' ಎಂದು ತೋರಿಸಿದರೂ ಎಲ್ಲವೂ ನಡೆಯುತ್ತಿರಬೇಕು. ಬಿಚ್ಚಿದ್ದನ್ನು ಮರಳಿ ಹಾಕಿದಾಗ ಅದು ತಪ್ಪಿಸಿಕೊಂಡ ಬರಹಗಳಷ್ಟೇ ನಕಲಾಗುವುದರಿಂದ ಜೋಡಣೆ ಬೇಗ ಮುಗಿಯುತ್ತದೆ. ಮುಗಿದ ಮೇಲೆ, ಮುಗಿಯುವ ಮೊದಲು ಬೇಡ, ಇನ್ನೊಂದನ್ನು ಬಿಚ್ಚಿ ಇದನ್ನೇ ಪುನರಾವರ್ತಿಸಿ. ವರ್ಚುವಲ್ ಮಷಿನ್‌ಗಳು ಕೆಲಸಕ್ಕೆ ಇಳಿಯುವ ಮೊದಲು ಮಾಡಿದರೆ ಇದು ಒಂದು ಗಂಟೆಯ ಕೆಲಸ. ಇದೇ ಸಮಯದಲ್ಲಿ ಪ್ರತಿ ಎಸ್‌ಎಸ್‌ಡಿಯ ಸೀರಿಯಲ್ ಸಂಖ್ಯೆಯನ್ನು ಅದು ಕೂತಿರುವ ಟ್ರೇ ಮೇಲೆ ಬರೆದು ಅಂಟಿಸಿ. ಪೂಲ್ ಕೂಡ ಡಿಸ್ಕ್‌ಗಳನ್ನು ಬದಲಾಗಬಲ್ಲ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿಂದಲ್ಲದೆ ಸೀರಿಯಲ್ ಸಂಖ್ಯೆಯಿರುವ ಹೆಸರಿನಿಂದಲೇ ಗುರುತಿಸುತ್ತಿರಲಿ.

ನಿಜವಾಗಿ ಒಂದು ಎಸ್‌ಎಸ್‌ಡಿ ಕೆಟ್ಟಾಗ ಮಾಡಬೇಕಾದ್ದನ್ನು ಈಗಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ಆ ದಿನ ಅವಸರ ಇರುತ್ತದೆ. ಮೊದಲು ಆರೋಗ್ಯವಾಗಿರುವ ಡಿಸ್ಕಿನ ಪಾರ್ಟಿಷನ್ ಕೋಷ್ಟಕವನ್ನು 'ಎಸ್‌ಜಿಡಿಸ್ಕ್' ಮೂಲಕ ಹೊಸದಕ್ಕೆ ನಕಲಿಸಬೇಕು. ಈ ಆದೇಶದಲ್ಲಿ ಎರಡು ಹೆಸರುಗಳು ಅದಲುಬದಲಾದರೆ ಖಾಲಿ ಕೋಷ್ಟಕ ಒಳ್ಳೆಯ ಡಿಸ್ಕಿನ ಮೇಲೆ ಹೋಗಿ ಕೂರುತ್ತದೆ, ಆದ್ದರಿಂದ ಒತ್ತುವ ಮೊದಲು ಸೀರಿಯಲ್ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿಕೊಳ್ಳಿ. ಬಳಿಕ ಹೊಸ ಡಿಸ್ಕಿನ ಗುರುತುಗಳನ್ನು ಬೇರೆಯಾಗಿಸಿ, 'ಝೆಡ್‌ಪೂಲ್ ರಿಪ್ಲೇಸ್' ಆದೇಶಕ್ಕೆ ಹೊಸದರ ಮೂರನೇ ಪಾರ್ಟಿಷನ್ನನ್ನು ಕೊಡಿ. ಇಡೀ ಡಿಸ್ಕನ್ನು ಕೊಟ್ಟರೂ ಪೂಲ್ ದೂರಿಲ್ಲದೆ ಸರಿಹೋಗುತ್ತದೆ, ಆದರೆ ಆ ಡಿಸ್ಕಿನಲ್ಲಿ ಇಎಸ್‌ಪಿಗೆ ಜಾಗವೇ ಇರುವುದಿಲ್ಲ. ಮುಂದೊಮ್ಮೆ ಹಳೆಯ ಡಿಸ್ಕ್ ಕೈಕೊಟ್ಟಾಗ ದತ್ತಾಂಶವೆಲ್ಲ ಕ್ಷೇಮವಾಗಿದ್ದೂ ಯಂತ್ರ ಬೂಟ್ ಆಗುವುದಿಲ್ಲ. ಕೊನೆಗೆ ಬೂಟ್ ಟೂಲ್‌ನಿಂದ ಹೊಸ ಡಿಸ್ಕಿನ ಎರಡನೇ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿ, 'ಇನಿಟ್' ಕೊಟ್ಟು, ಹಳೆಯ ಗುರುತನ್ನು 'ಕ್ಲೀನ್' ಮಾಡಿ. ಒಂಟಿ ಡಿಸ್ಕಿನ ಪೂಲ್ ಅನ್ನು ಮಿರರ್ ಮಾಡುವಾಗಲೂ ಕ್ರಮ ಇದೇ, ರಿಪ್ಲೇಸ್ ಬದಲಿಗೆ ಅಟ್ಯಾಚ್, ಅಷ್ಟೇ ವ್ಯತ್ಯಾಸ. ಇಂಥ ಮರುಜೋಡಣೆಯಲ್ಲಿ ಎಂಡಿ ಇಡೀ ಡಿಸ್ಕನ್ನು ನಕಲಿಸಿದರೆ ಝೆಡ್‌ಎಫ್‌ಎಸ್ ಬಳಕೆಯಲ್ಲಿರುವ ಬ್ಲಾಕುಗಳನ್ನಷ್ಟೇ ನಕಲಿಸುತ್ತದೆ.

ಡಿಸ್ಕ್ ಕೆಟ್ಟದ್ದು ನಿಮಗೆ ತಿಳಿಯಬೇಕಲ್ಲ. ಒಂದು ಬದಿ ಸತ್ತರೂ ಏನೂ ಆಗದಂತೆ ನಡೆಯುವುದೇ ಮಿರರ್‌ನ ಗುಣವಾದ್ದರಿಂದ, ಇ-ಮೇಲ್ ಹೋಗುವ ವ್ಯವಸ್ಥೆ ಇಲ್ಲದಿದ್ದರೆ ಎರಡನೆಯದೂ ಹೋಗುವವರೆಗೆ ಯಾರಿಗೂ ಗೊತ್ತಾಗದೆ ಇರಬಹುದು. ಝೆಡ್‌ಎಫ್‌ಎಸ್‌ನ ಆಗುಹೋಗುಗಳನ್ನು ಗಮನಿಸುವ ಝೆಡ್‌ಇಡಿ ಎಂಬ ಸೇವೆಗೆ ವಿಳಾಸ ಕೊಟ್ಟು, ಸರ್ವರ್‌ನಿಂದ ಅಂಚೆ ನಿಜಕ್ಕೂ ಹೊರಗೆ ಹೋಗುತ್ತದೆಯೇ ಎಂದು ಪರೀಕ್ಷಿಸಿ. ಪೂಲ್‌ನ ಪೂರ್ಣ ಓದು-ತಪಾಸಣೆಯಾದ ಸ್ಕ್ರಬ್ ಡೆಬಿಯನ್‌ನ ಏರ್ಪಾಟಿನಂತೆ ಪ್ರತಿ ತಿಂಗಳ ಎರಡನೇ ಭಾನುವಾರ ತಾನಾಗಿ ನಡೆಯುತ್ತದೆ. ಅದರ ಮರುದಿನ ಸ್ಟೇಟಸ್ ಪಟ್ಟಿಯ ರೀಡ್, ರೈಟ್, ಚೆಕ್‌ಸಮ್ ಎಂಬ ಮೂರು ಕಾಲಂಗಳನ್ನು ನೋಡಿ. ಒಂದೇ ಡಿಸ್ಕಿನ ಚೆಕ್‌ಸಮ್ ದೋಷ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಕೇಬಲ್ಲನ್ನು ಅನುಮಾನಿಸಿ. ಎರಡರಲ್ಲೂ ಒಟ್ಟಿಗೆ ಏರುತ್ತಿದ್ದರೆ ಡಿಸ್ಕ್‌ಗಳನ್ನು ಬಿಟ್ಟು ಮೆಮೊರಿ, ಕಂಟ್ರೋಲರ್, ಪವರ್ ಸಪ್ಲೈಗಳತ್ತ ತಿರುಗಿ.

ಉಳಿದದ್ದು 4 ಟಿಬಿ ಹಾರ್ಡ್ ಡಿಸ್ಕಿನ ಪ್ರಶ್ನೆ. ಅದನ್ನು ಮೂರನೇ ಬದಿಯಾಗಿ ಜೋಡಿಸಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಆದರೆ ಪ್ರತಿ ಬರಹವೂ ತಿರುಗುವ ಆ ತಟ್ಟೆಗಾಗಿ ಕಾಯಬೇಕಾಗಿ ಎಸ್‌ಎಸ್‌ಡಿಗಳ ಪ್ರಯೋಜನವೇ ಕಳೆದುಹೋಗುತ್ತದೆ, ಉಳಿದ 2 ಟಿಬಿ ಸುಮ್ಮನೆ ಬಿದ್ದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ಡೇಟಾಬೇಸ್‌ನ ಕೋಷ್ಟಕವೊಂದನ್ನು ಅಳಿಸಿದರೆ ಆ ಅಳಿಸುವಿಕೆ ಮೂರೂ ಬದಿಗಳಿಗೆ ಅಷ್ಟೇ ನಿಷ್ಠೆಯಿಂದ ನಕಲಾಗುತ್ತದೆ. ಒಂದು ಗಳಿಗೆಯ ಸ್ಥಿತಿಯನ್ನು ಹಿಡಿದಿಡುವ, ಅದೇ ಪೂಲ್‌ನ ಸ್ನ್ಯಾಪ್‌ಶಾಟ್ ಅಷ್ಟಕ್ಕೆ ಉತ್ತರವಾದೀತು, ಪೂಲ್ ಹೋದರೆ ಅದೂ ಹೋಗುತ್ತದೆ. ಹಾರ್ಡ್ ಡಿಸ್ಕನ್ನು ಬೇರೊಂದು ಹಳೆಯ ಕಂಪ್ಯೂಟರಿಗೆ ಹಾಕಿ ಅಲ್ಲಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಸ್ಥಾಪಿಸಿ. ಬದಲಾದ ಭಾಗಗಳನ್ನಷ್ಟೇ ಕಳಿಸುವುದರಿಂದ ಪ್ರತಿ ರಾತ್ರಿಯ ಬ್ಯಾಕಪ್ ಆ ಡಿಸ್ಕಿಗೆ ಭಾರವಾಗಲಾರದು. ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಸದ್ಯಕ್ಕೆ ಇದೇ ಸರ್ವರ್‌ನಲ್ಲಿ ಪ್ರತ್ಯೇಕ ಬ್ಯಾಕಪ್ ಸಂಗ್ರಹವಾಗಿ ಇಟ್ಟುಕೊಳ್ಳಿ, ಲೆಕ್ಕಪತ್ರದ ಯಂತ್ರದ ಬ್ಯಾಕಪ್‌ನ ಇನ್ನೊಂದು ಪ್ರತಿಯನ್ನು ಮಾತ್ರ ಈ ಸರ್ವರ್‌ನ ಹೊರಗೆ ಸಾಗಿಸುವ ಏರ್ಪಾಟು ಮಾಡಿ, ಮತ್ತು ಮಿರರ್ ಪರೀಕ್ಷೆ ಮುಗಿದ ವಾರವೇ ಆ ಬ್ಯಾಕಪ್‌ನಿಂದ ಒಂದು ಯಂತ್ರವನ್ನು ಬೇರೆ ಗುರುತುಸಂಖ್ಯೆಯಲ್ಲಿ, ನೆಟ್‌ವರ್ಕ್ ಕತ್ತರಿಸಿ, ಮರಳಿ ಎಬ್ಬಿಸಿ ನೋಡಿ.